ಲಾರಿ ಸ್ಟಾರ್ಟ್ ಆಗದಿದ್ದಾಗ, ಪಂಪಿಗೆ ಕೈ ಹಾಕುವ ಮೊದಲು

ಗಾಡಿ ಸ್ಟಾರ್ಟ್ ಆಗ್ತಿಲ್ಲ ಎಂದು ಫೋನು ಬಂದರೆ ಮೊದಲು ಕೇಳಬೇಕಾದ್ದು ಒಂದೇ: ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೋ, ಇಲ್ಲವೋ? ಆ ಕಡೆಯಿಂದ ಬರುವ ಉತ್ತರ ಮಾತ್ರ ಬೇರೆಯೇ ಇರುತ್ತದೆ. “ಪಂಪು ಹೋಗಿರಬೇಕಣ್ಣ.” “ನಾಜಲ್ ಬಿಚ್ಚಿಸಿಬಿಡಲಾ?” “ಇಸಿಎಂ (ಇಂಜಿನ್ನಿನ ಕಂಪ್ಯೂಟರು) ಸುಟ್ಟಿದೆಯಂತೆ.” ಹಿರಿಯೂರಿನಿಂದ ಹರಿಹರದವರೆಗೆ ಹೆದ್ದಾರಿ 48ರ ಡಾಬಾಗಳ ಮುಂದೆ ಬೆಳಗಿನ ಜಾವ ಹಟ ಹಿಡಿದು ನಿಂತ ಲಾರಿಗಳಲ್ಲಿ ಹೆಚ್ಚಿನವಕ್ಕೆ ಈ ಮೂರರಲ್ಲಿ ಯಾವುದೂ ಕಾರಣವಲ್ಲ. ಬ್ಯಾಟರಿ ಟರ್ಮಿನಲ್ಲು, ಡೀಸೆಲ್ ಲೈನಿಗೆ ಹೊಕ್ಕ ಗಾಳಿ, ಸ್ಟಾಪ್ ಕೇಬಲ್ಲು, ಎಲ್ಲೋ ಸಡಿಲಾದ ಅರ್ಥ್. ತೊಂದರೆ ಇಲ್ಲೇ ಎಲ್ಲೋ ಕೂತಿರುತ್ತದೆ. ಡೀಸೆಲ್ಲನ್ನು ಒತ್ತಿ ನಾಜಲ್ಲಿಗೆ, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿಗೆ, ಕಳಿಸುವ ಪಂಪಿನ ಸರದಿ ಕೊನೆಗೆ ಬರಬೇಕು. ದೊಡ್ಡ ಬಿಲ್ಲು ಆಗುವುದು ಅಲ್ಲೇ, ಮತ್ತು ಒಮ್ಮೆ ಬಿಚ್ಚಿದ ಮೇಲೆ ಟೈಮಿಂಗು, ಕ್ಯಾಲಿಬ್ರೇಶನ್ನು ಎಲ್ಲವನ್ನೂ ಮತ್ತೆ ಕೂರಿಸಬೇಕು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೆ ಡೀಸೆಲ್ ಚಿಮ್ಮಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದ್ದು ಮೂರೇ: ಇಂಜಿನ್ ಸಾಕಷ್ಟು ಜೋರಾಗಿ ತಿರುಗಬೇಕು, ಒಳಗೆ ಗಾಳಿ ಸರಿಯಾಗಿ ಒತ್ತಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಡೀಸೆಲ್ ಬೀಳಬೇಕು. ಕೆಳಗೆ ಬರೆದಿರುವುದೆಲ್ಲ ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಹುಡುಕುವ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಡೀಸೆಲ್ ಹೆಪ್ಪುಗಟ್ಟಿದೆ ಎನ್ನುವವರು ಈಗ ಜಾಸ್ತಿಯಾಗಿದ್ದಾರೆ. ಅದು ಹಿಮ ಬೀಳುವ ದೇಶಗಳ ಕಷ್ಟ. ಚಿತ್ರದುರ್ಗದಲ್ಲಿ ಜನವರಿಯ ಬೆಳಗಿನ ಗಾಳಿ ಕಿವಿ ಕಚ್ಚಬಹುದು, ಡೀಸೆಲ್ಲಿನಲ್ಲಿ ಮೇಣ ಕಟ್ಟುವಷ್ಟು ಚಳಿ ಇಲ್ಲಿ ಬೀಳುವುದಿಲ್ಲ. ಚಳಿಯಲ್ಲಿ ನಮ್ಮ ಗಾಡಿ ಎದ್ದೇಳದಿದ್ದರೆ ಸೊರಗಿದ ಬ್ಯಾಟರಿ, ಸವೆದ ಇಂಜಿನ್ ಇವುಗಳ ಮೇಲೆ ಮೊದಲು ಅನುಮಾನ ಪಡಿ.

ಕೈ ಹಾಕುವ ಮುಂಚೆ ಗೇರು ನ್ಯೂಟ್ರಲ್ಲಿಗೆ, ಹ್ಯಾಂಡ್ ಬ್ರೇಕ್ ಮೇಲಕ್ಕೆ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಕ್ಯಾಬಿನ್ ಎತ್ತುವ ಗಾಡಿಯಾದರೆ ಎತ್ತಿದ ಮೇಲೆ ಲಾಕ್ ಕೂತಿದೆಯಾ ಎಂದು ನೋಡದೆ ತಲೆ ಒಳಗೆ ಹಾಕಬೇಡಿ.

ಸೆಲ್ಫ್ ಹೊಡೆದರೆ ಸದ್ದೇ ಇಲ್ಲ

ಮೊದಲು ನಾಚಿಕೆ ಬಿಟ್ಟು ಸಣ್ಣಪುಟ್ಟದ್ದು ನೋಡಿ. ಬ್ಯಾಟರಿ ಕಟಾಫ್ ಸ್ವಿಚ್ಚನ್ನು ರಾತ್ರಿ ಕ್ಲೀನರ್ ಹುಡುಗ ಆಫ್ ಮಾಡಿ ಮಲಗಿರುತ್ತಾನೆ, ಬೆಳಿಗ್ಗೆ ಡ್ರೈವರಿಗೆ ಅದು ಗೊತ್ತೇ ಇರುವುದಿಲ್ಲ. ಬಿಎಸ್-6 ಗಾಡಿಯಲ್ಲಿ, ಅಂದರೆ 2020ರ ಹೊಗೆ ನಿಯಮದ ಹೊಸ ಗಾಡಿಯಲ್ಲಿ, ಆ ಸ್ವಿಚ್ಚಿಗೆ ಇನ್ನೊಂದು ರಗಳೆ ಇದೆ. ಕೀ ಆಫ್ ಮಾಡಿದ ಕೂಡಲೇ ಕಟಾಫ್ ಎಳೆಯಬಾರದು. ಕೀ ತೆಗೆದ ಮೇಲೂ ಒಂದೆರಡು ನಿಮಿಷ, ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ದ್ರವದ ಪಂಪು ಓಡುತ್ತಾ ಪೈಪಿನಲ್ಲಿ ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಅಷ್ಟರೊಳಗೆ ಕರೆಂಟು ತಪ್ಪಿಸಿದರೆ ಅದು ಪೈಪಿನಲ್ಲೇ ಒಣಗಿ ಬಿಳಿ ಹರಳಾಗುತ್ತದೆ.

ಹೊಸ ಗಾಡಿಗಳಲ್ಲಿ ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ, ಇಲ್ಲವೇ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುವುದಿಲ್ಲ. ಕ್ಲಚ್ ಪೆಡಲ್ಲಿನ ಕೆಳಗಿನ ಸ್ವಿಚ್ಚು ಮಣ್ಣು ತುಂಬಿ ಕೂತುಬಿಡುವುದುಂಟು. ನ್ಯೂಟ್ರಲ್ ಸ್ವಿಚ್ಚು ಕೈಕೊಟ್ಟಿದ್ದರೆ ಗೇರ್ ಲಿವರನ್ನು ಸ್ವಲ್ಪ ಆಚೀಚೆ ಅಲುಗಿಸಿಕೊಂಡು ಸೆಲ್ಫ್ ಹೊಡೆದು ನೋಡಿ. ಕಂತು ಬಾಕಿ ಇರುವ ಗಾಡಿಗಳಿಗೆ, ಇಲ್ಲವೇ ಮಾಲೀಕರೇ ಹಾಕಿಸಿದ ಜಿಪಿಎಸ್ ಪೆಟ್ಟಿಗೆಗೆ ಇಂಜಿನ್ ಲಾಕ್ ಮಾಡುವ ರಿಲೇ ಇರುತ್ತದೆ. ಆ ರಿಲೇ ಕೆಟ್ಟು ಗಾಡಿ ನಿಂತರೆ ಎಷ್ಟು ಮೆಕ್ಯಾನಿಕ್ ಬಂದರೂ ಏನೂ ಸಿಗುವುದಿಲ್ಲ. ಗಾಡಿಗೆ ಹೊರಗಿನಿಂದ ಏನೇನು ಕೂರಿಸಿದ್ದೀರಿ ಎಂದು ಮೊದಲೇ ಹೇಳಿಬಿಡಿ.

ಇಷ್ಟೂ ಸರಿ ಇದ್ದರೆ ಹೆಡ್‌ಲೈಟ್ ಹಾಕಿ ಗೋಡೆಗೋ ಮುಂದಿನ ಗಾಡಿಗೋ ಬೆಳಕು ಬೀಳುವಂತೆ ನೋಡಿಕೊಂಡು ಸೆಲ್ಫ್ ಹೊಡೆಯಿರಿ. ಬೆಳಕು ಇದ್ದ ಹಾಗೇ ಇದ್ದರೆ ಸೆಲ್ಫ್ ಮೋಟಾರಿಗೆ ಕರೆಂಟು ತಲುಪುತ್ತಿಲ್ಲ ಎಂದರ್ಥ: ಕೀ ಸ್ವಿಚ್ಚು, ರಿಲೇ, ಫ್ಯೂಸು, ಸಾಲಿನಾಯ್ಡಿನ (ಸೆಲ್ಫಿಗೆ ಕರೆಂಟು ಬಿಡುವ ಅಯಸ್ಕಾಂತದ ಸ್ವಿಚ್ಚು) ಸಣ್ಣ ವೈರು ನೋಡಿ. ಬೆಳಕು ಕುಸಿದು ಮಿಣುಕಿದರೆ ಬ್ಯಾಟರಿಯೋ ಟರ್ಮಿನಲ್ಲೋ. ಕಟ್ ಕಟ್ ಕಟ್ ಎಂದು ಬಡಿದುಕೊಂಡರೂ ಅದೇ. ಒಂದೇ ಸಲ ‘ಟಕ್’ ಎಂದು ಬೆಳಕು ಕುಸಿದು ಎಲ್ಲ ಬಿಗಿಯಾಗಿ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಅದರ ಕತೆ ಮುಂದೆ ಇದೆ.

ಲಾರಿಯ ಸಿಸ್ಟಮ್ 24 ವೋಲ್ಟ್, 12ರ ಎರಡು ಬ್ಯಾಟರಿ ಸಾಲಾಗಿ. ಮೀಟರಿನಲ್ಲಿ ಎರಡನ್ನೂ ಬೇರೆ ಬೇರೆ ಅಳೆಯಿರಿ, ಒಟ್ಟಿಗೆ ಅಳೆದರೆ ಸುಳ್ಳು ಹೇಳುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ಒಳ್ಳೆಯ ಬ್ಯಾಟರಿ ಒಂದೊಂದೂ 12.6ರ ಹತ್ತಿರ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುತ್ತಿರುವಾಗ ಯಾವುದೂ 9.6ಕ್ಕಿಂತ ಕೆಳಗೆ ಬೀಳಬಾರದು. ಒಂದು 12.5, ಇನ್ನೊಂದು 11.8 ಇದೆ ಎಂದಿಟ್ಟುಕೊಳ್ಳಿ. ಆಗ ನಾನು ಮೊದಲು ಕೇಳುವುದು ಟೇಪ್ ಎಲ್ಲಿಂದ ಕನೆಕ್ಷನ್ ತಗೊಂಡಿದೆ ಎಂದು. ಹಾಡು ಕೇಳುವ ಸೆಟ್ಟು, ಮೊಬೈಲ್ ಚಾರ್ಜರು, ದೇವರ ಫೋಟೋದ ಮಿಣುಕು ದೀಪ ಎಲ್ಲವೂ 12 ವೋಲ್ಟಿನವು. ಕನ್ವರ್ಟರ್ ಹಾಕಿಸುವ ಬದಲು ಒಂದೇ ಬ್ಯಾಟರಿಯಿಂದ ವೈರು ಎಳೆದಿರುತ್ತಾರೆ. ಆ ಬ್ಯಾಟರಿ ದಿನವೂ ಖಾಲಿಯಾಗುತ್ತಾ ಸೊರಗುತ್ತದೆ. ಆಲ್ಟರ್ನೇಟರು ಎರಡನ್ನೂ ಒಂದೇ ಎಂದುಕೊಂಡು ಚಾರ್ಜ್ ಮಾಡುವುದರಿಂದ ಇನ್ನೊಂದು ಅತಿಯಾಗಿ ಕುದಿದು ನೀರು ಇಂಗಿಸಿಕೊಳ್ಳುತ್ತದೆ. ಕೊನೆಗೆ ಎರಡೂ ಹಾಳು. ಒಂದನ್ನು ಮಾತ್ರ ಹೊಸದು ಹಾಕಿಸುವುದೂ ಇದೇ ರಗಳೆಗೆ ದಾರಿ. ಬದಲಿಸಿದರೆ ಜೋಡಿಯನ್ನೇ ಬದಲಿಸಿ.

ಬ್ಯಾಟರಿ ಸರಿ ಇದ್ದೂ ಸೆಲ್ಫ್ ಎತ್ತದಿದ್ದರೆ ಟರ್ಮಿನಲ್ ಮುಟ್ಟಿ ನೋಡಿ. ಒಂದೆರಡು ಸಲ ಸೆಲ್ಫ್ ಹೊಡೆದ ಮೇಲೆ ಯಾವ ಜಾಯಿಂಟು ಬಿಸಿಯಾಗಿರುತ್ತದೋ ತೊಂದರೆ ಅಲ್ಲಿದೆ. ಹಸಿರು, ಬಿಳಿ ಬೂಷ್ಟು ಕಟ್ಟಿದ್ದರೆ ಬಿಸಿನೀರು ಸುರಿದು, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ ಮೇಲೆ ವ್ಯಾಸಲಿನ್ ಸವರಿ. ಕಣ್ಣಿಗೆ ಬೀಳದ ಜಾಗ ಇನ್ನೊಂದಿದೆ: ಚಾಸಿಯಿಂದ ಇಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿ. ಚಿತ್ರದುರ್ಗದ ಗಣಿ ಕಡೆ ಓಡುವ ಗಾಡಿಗಳಲ್ಲಿ ಅದು ಕೆಂಪು ಧೂಳು, ಗ್ರೀಸು ಸೇರಿ ಮುದ್ದೆಯಾಗಿರುತ್ತದೆ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಕಬ್ಬಿಣಕ್ಕೆ ಒತ್ತಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ, ಬೇರೇನೂ ಯೋಚಿಸುವುದೇ ಬೇಡ.

ಸೆಲ್ಫ್ ಮೋಟಾರಿಗೆ ಸುತ್ತಿಗೆಯಿಂದ ತಟ್ಟುವುದು ಹಳೆಯ ಉಪಾಯ. ಕಾರ್ಬನ್ ಸವೆದು ಸಿಕ್ಕಿಕೊಂಡಿದ್ದರೆ ತಟ್ಟಿದಾಗ ಒಂದೆರಡು ಸಲ ತಿರುಗುತ್ತದೆ, ಊರು ಸೇರಿಕೊಳ್ಳಬಹುದು. ಈಗ ಬರುವ ಸಣ್ಣ ಗೇರು ಮಾದರಿಯ ಕೆಲವು ಸೆಲ್ಫುಗಳಲ್ಲಿ ಒಳಗೆ ಅಯಸ್ಕಾಂತ ಇರುತ್ತದೆ, ಹೊಡೆದರೆ ಒಡೆಯುತ್ತದೆ. ಇನ್ನು ಗಾಡಿ ಕೆಳಗೆ ನುಗ್ಗಿ ಪಾನಾದಿಂದ ಸಾಲಿನಾಯ್ಡ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಚಾಳಿ. ನ್ಯೂಟ್ರಲ್ ಸ್ವಿಚ್ಚು, ಕ್ಲಚ್ ಸ್ವಿಚ್ಚು ಎಲ್ಲವನ್ನೂ ಅದು ದಾಟಿ ಹೋಗುತ್ತದೆ. ಗೇರಿನಲ್ಲಿದ್ದ ಲಾರಿ ಎದ್ದು ಹೊರಟರೆ ಕೆಳಗಿದ್ದವನ ಮೇಲೆಯೇ ಹಾಯುವುದು. ಮಾಡಬೇಡಿ.

ಗರ್ ಎಂದು ಸೆಲ್ಫ್ ಮಾತ್ರ ತಿರುಗಿ ಇಂಜಿನ್ ತಿರುಗದಿದ್ದರೆ ಸೆಲ್ಫಿನ ಪಿನಿಯನ್ (ಸಣ್ಣ ಹಲ್ಲುಚಕ್ರ) ಮುಂದೆ ಬರುತ್ತಿಲ್ಲ, ಇಲ್ಲವೇ ಫ್ಲೈವೀಲ್ ಹಲ್ಲು ಒಂದು ಜಾಗದಲ್ಲಿ ಸವೆದಿದೆ. ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಹೊಡೆದಾಗ ಹಿಡಿದರೆ ಹಲ್ಲಿನದೇ ತೊಂದರೆ.

ಈಗ ಆ ‘ಟಕ್’ ಎಂದು ನಿಂತ ಗಾಡಿ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ರಾತ್ರಿಯೆಲ್ಲ ಒಂದು ಸಿಲಿಂಡರಿಗೆ ಇಳಿದಿರಬಹುದು, ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿಸಿ ಏರ್ ಫಿಲ್ಟರಿನಿಂದ ನೀರು ಹೀರಿಕೊಂಡಿರಬಹುದು. ಗಾಳಿ ಒತ್ತಿಕೊಳ್ಳುತ್ತದೆ, ನೀರು ಒತ್ತಿಕೊಳ್ಳುವುದಿಲ್ಲ. ಇನ್ನೊಂದು ಲಾರಿಯಿಂದ ಎಳೆಸಿ ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿದೆಯಾ, ಆಯಿಲ್ ಗೇಜಿನ ಕಡ್ಡಿಯಲ್ಲಿ ಆಯಿಲು ಹಾಲು ಬಣ್ಣಕ್ಕೆ ತಿರುಗಿದೆಯಾ ನೋಡಿ. ಹೌದಾದರೆ ನಾಜಲ್ ಬಿಚ್ಚಿ, ಕೈಯಿಂದ ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿಸುವುದು ಗ್ಯಾರೇಜಿನ ಕೆಲಸ.

ಚೆನ್ನಾಗಿ ತಿರುಗುತ್ತದೆ, ಹಿಡಿಯುವುದಿಲ್ಲ

ಇಲ್ಲಿ ಒಬ್ಬ ಸೆಲ್ಫ್ ಹೊಡೆಯಬೇಕು, ಇನ್ನೊಬ್ಬ ಸೈಲೆನ್ಸರ್ ಬಾಯಿ ನೋಡಬೇಕು. ಹತ್ತು ಹದಿನೈದು ಸೆಕೆಂಡು ಸಾಕು, ಆಮೇಲೆ ಒಂದು ನಿಮಿಷ ಬಿಡುವು ಕೊಡಿ. ಬಿಡದೆ ಹೊಡೆದರೆ ಸೆಲ್ಫ್ ಸುಡುತ್ತದೆ, ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಕಪ್ಪು ಹೊಗೆ ಬಂದು ಹಿಡಿಯದಿದ್ದರೆ ಗಾಳಿ ಸಾಲುತ್ತಿಲ್ಲ. ಇಷ್ಟು ನೋಡಿಕೊಂಡು ಫೋನು ಮಾಡಿದರೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಮುಗಿದಂತೆ. ಯಾವ ಸಾಮಾನು ತರಬೇಕು ಎಂದು ಅವನಿಗೆ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಕಡೆ ಹೆಚ್ಚು ಕಾಣುವುದು ಹೊಗೆಯೇ ಇಲ್ಲದ ಜಾತಿ. ಮೊದಲು ಟ್ಯಾಂಕಿಗೆ ಒಂದು ಕಡ್ಡಿ ಇಳಿಸಿ. ಗೇಜಿನ ಮುಳ್ಳು ನಂಬಬೇಡಿ. ರಾತ್ರಿ ಮಲಗಿದ್ದಾಗ ಡೀಸೆಲ್ ಕದ್ದಿರುತ್ತಾರೆ, ಕದಿಯುವವರು ಪೈಪು ಎಳೆದು ಸಡಿಲ ಮಾಡಿಟ್ಟೂ ಹೋಗಿರುತ್ತಾರೆ.

ಹಳೆಯ ಪಂಪಿನ ಗಾಡಿಯಾದರೆ ಆಮೇಲೆ ಸ್ಟಾಪ್ ಲಿವರ್. ಕ್ಯಾಬಿನ್ನಿನಲ್ಲಿ ಎಳೆಯುವ ಸ್ಟಾಪ್ ಕೇಬಲ್ಲು ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗಿರುವುದಿಲ್ಲ, ಪಂಪು ‘ನಿಲ್ಲಿಸು’ ಎಂಬ ಜಾಗದಲ್ಲೇ ಇರುತ್ತದೆ. ಪಂಪಿನ ಬದಿಯ ಲಿವರನ್ನು ಕೈಯಿಂದ ತಳ್ಳಿ ನೋಡಿ. ಕೇಬಲ್ಲಿನ ಬದಲು ಸಾಲಿನಾಯ್ಡ್ ಇದ್ದರೆ ಕೀ ಆನ್ ಮಾಡಿದಾಗ ‘ಟಿಕ್’ ಎನ್ನಬೇಕು. ಸದ್ದಿಲ್ಲದಿದ್ದರೆ ಅದಕ್ಕೆ 24 ವೋಲ್ಟ್ ಬರುತ್ತಿದೆಯಾ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಒಂದು ಫ್ಯೂಸಿನ ತೊಂದರೆಗೆ ಪಂಪು ಇಳಿಸಿ ಬೆಂಚಿಗೆ ಕಳಿಸಿದ ಗಾಡಿಗಳು ಇವೆ.

ಏರ್ ಹಿಡಿದಾಗ

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಪಂಪು) ಪೈಪಿನಲ್ಲಿ ಡೀಸೆಲ್ಲನ್ನು ಯಾರೂ ತಳ್ಳುವುದಿಲ್ಲ, ಪಂಪು ಹೀರುತ್ತದೆ. ಆ ದಾರಿಯಲ್ಲಿ ಎಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ, ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಗಾಳಿಯೇ ಹೆಚ್ಚು ಬರುತ್ತದೆ. ಇಲ್ಲಿ ಎಲ್ಲರೂ ಮೋಸ ಹೋಗುವುದು ಯಾಕೆಂದರೆ ಹೀರುವ ಕಡೆ ಡೀಸೆಲ್ ಹೊರಗೆ ಸೋರುವುದೇ ಇಲ್ಲ. ಎಲ್ಲ ಒಣಗಿಯೇ ಕಾಣುತ್ತದೆ. ಸೋರಿಕೆ ಹುಡುಕಿ ಸಿಗಲಿಲ್ಲ ಎಂದ ಮೇಲೆ ಪಂಪಿನ ಮೇಲೆ ತಪ್ಪು ಹೊರಿಸುತ್ತಾರೆ.

ಇದರ ಗುರುತು ಹೀಗೆ: ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಏಳುವುದಿಲ್ಲ. ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪಂಪು ಒತ್ತಿದರೆ ಏಳುತ್ತದೆ. ಆಮೇಲೆ ದಿನವಿಡೀ ಏನೂ ತೊಂದರೆಯಿಲ್ಲ, ಅರ್ಧ ಗಂಟೆ ನಿಲ್ಲಿಸಿದರೂ ಸಲೀಸಾಗಿ ಸ್ಟಾರ್ಟ್. ಮಾರನೆ ಬೆಳಿಗ್ಗೆ ಮತ್ತೆ ಅದೇ ರಾಮಾಯಣ. ಸಂದಿಯಲ್ಲಿ ಗಾಳಿ ಹೊಕ್ಕು ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗಿರುತ್ತದೆ. ಟ್ಯಾಂಕು ತುಂಬಿದ್ದಾಗ ತೊಂದರೆ ಕಡಿಮೆ, ಕಾಲು ಭಾಗಕ್ಕೆ ಇಳಿದಾಗ ಜಾಸ್ತಿ ಆದರೆ ಅನುಮಾನವೇ ಬೇಡ.

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಲೋಡಿಗೆ ಕಾಯುತ್ತಿದ್ದ ಹತ್ತು ಚಕ್ರದ ಗಾಡಿಯೊಂದು ಹೀಗೇ ಮಾಡುತ್ತಿತ್ತು. ಎರಡೂ ಫಿಲ್ಟರ್ ಹೊಸದು, ಫೀಡ್ ಪಂಪಿನ ಕಿಟ್ಟು ಹೊಸದು, ಪೈಪಿನ ಕ್ಲಿಪ್ಪು ಹೊಸದು. ಮಾಲೀಕರು ಪಂಪು ಇಳಿಸಲು ಹೇಳಿ ಆಗಿತ್ತು. ಫೀಡ್ ಪಂಪಿಗೆ ಬರುವ ಪೈಪನ್ನು ಕಳಚಿ ನಡುವೆ ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಪೈಪು ಕಟ್ಟಿ ಹ್ಯಾಂಡ್ ಪಂಪು ಒತ್ತಿದೆವು. ಜೇನುಬಣ್ಣದ ಡೀಸೆಲ್ಲಿನ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಓಡಿದವು. ಅದೇ ಪೈಪನ್ನು ಒಂದೊಂದೇ ಜಾಯಿಂಟು ಹಿಂದಕ್ಕೆ ತರುತ್ತಾ ಬಂದರೆ ಡೀಸೆಲ್ಲಿನ ನೀರು ಬೇರೆ ಮಾಡುವ ವಾಟರ್ ಸೆಪರೇಟರಿನಿಂದ ಪಂಪಿನ ಕಡೆ ಗುಳ್ಳೆ, ಟ್ಯಾಂಕಿನ ಕಡೆ ಇಲ್ಲ. ಸೆಪರೇಟರಿನ ತಳದಲ್ಲಿ ನೀರು ಬಿಡುವ ಪ್ಲಾಸ್ಟಿಕ್ ತಿರುಪು. ಅದರ ರಬ್ಬರ್ ರಿಂಗು ಒಂದು ಕಡೆ ಚಪ್ಪಟೆಯಾಗಿ, ಉಗುರಿನಲ್ಲಿ ಒತ್ತಿದರೆ ಬಿರುಕು ಬಿಟ್ಟಿತು. “ಇಷ್ಟಕ್ಕೇನಾ ಮಾಮ?” ಎಂದ ಕ್ಲೀನರ್ ಹುಡುಗ. ಅಷ್ಟಕ್ಕೇ. ದಿನವೂ ನೀರು ಬಿಡಲು ಅದನ್ನು ತಿರುಗಿಸುತ್ತಿದ್ದವನು ಅವನೇ, ಬಿಗಿಯಾಗಲೆಂದು ಪಾನಾ ಹಾಕಿ ತಿರುಗಿಸುತ್ತಿದ್ದ. ಅದಕ್ಕೆ ಕೈಬಿಗಿ ಸಾಕು.

ಗುಳ್ಳೆ ಹುಡುಕುವಾಗ ನೋಡಬೇಕಾದ ಜಾಗಗಳು: ಟ್ಯಾಂಕಿನೊಳಗಿನ ಹೀರುವ ಕೊಳವೆಯ ಮೇಲ್ತುದಿ, ಚಾಸಿಗೆ ಉಜ್ಜಿ ಸವೆದ ರಬ್ಬರ್ ಪೈಪು, ಬ್ಯಾಂಜೋ ಬೋಲ್ಟಿನ (ಪೈಪಿನ ತುದಿ ಹಿಡಿಯುವ ಟೊಳ್ಳು ಬೋಲ್ಟು) ಎರಡೂ ಬದಿಯ ತಾಮ್ರದ ವಾಷರು, ಹ್ಯಾಂಡ್ ಪಂಪಿನ ಕಡ್ಡಿಯ ಸೀಲು, ಫಿಲ್ಟರ್ ಕೂರುವ ರಬ್ಬರು. ತಾಮ್ರದ ವಾಷರನ್ನು ಪ್ರತಿ ಸಲ ಹೊಸದು ಹಾಕಿ. ಸಿಗದ ಹೊತ್ತಿನಲ್ಲಿ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮೆತ್ತಗಾಗಿ ಒಂದು ಸಲಕ್ಕೆ ನಡೆಯುತ್ತದೆ.

ಗಾಳಿಯಲ್ಲದೆ ಹೀರುವ ದಾರಿ ಕಟ್ಟಿಕೊಂಡಿರಲೂಬಹುದು. ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಧೂಳು ತುಂಬಿ ಮುಚ್ಚಿದರೆ ಒಳಗೆ ನಿರ್ವಾತ ಆಗಿ ಡೀಸೆಲ್ ಬರುವುದಿಲ್ಲ. ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ಹೋದರೆ ಸಿಕ್ಕಿಬಿತ್ತು. ಟ್ಯಾಂಕಿನ ತಳದ ಜಾಲರಿಗೆ ಬಟ್ಟೆ ಚೂರು, ತುಕ್ಕು ಅಂಟಿಕೊಂಡಿದ್ದರೂ ಹಾಗೇ.

ಏರ್ ತೆಗೆಯುವುದು ಹಳೆಯ ಗಾಡಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಫಿಲ್ಟರಿನ ಮೇಲಿನ ತಿರುಪು ಎರಡು ಸುತ್ತು ಸಡಿಲಿಸಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪು ಒತ್ತಿ, ಒತ್ತುತ್ತಿರುವಾಗಲೇ ತಿರುಪು ಬಿಗಿ ಮಾಡಿ. ಆಮೇಲೆ ಪಂಪಿನ ಮೇಲಿನದು. ಇಷ್ಟಾದರೂ ಹಿಡಿಯದಿದ್ದರೆ ನಾಜಲ್ಲುಗಳ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಿ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಈ ಹಳೆಯ ಮಾದರಿಯ ಪಂಪು ಈಗಲೂ ಮೈಕೋ ಪಂಪೇ. ಈ ಪಾಠ ಆ ಪಂಪಿಗೆ ಮಾತ್ರ.

ಕಾಮನ್ ರೈಲ್ ಗಾಡಿಯಾದರೆ ನಟ್ಟಿಗೆ ಪಾನಾ ಹಾಕಬೇಡಿ

2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6. ಬಿಎಸ್-4ರಲ್ಲಿ ಎರಡೂ ಬಗೆಯ ಪಂಪು ಕಾಣಸಿಗುತ್ತವೆ, ಬಿಎಸ್-6ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಾಮನ್ ರೈಲೇ, ಅಂದರೆ ಎಲ್ಲ ನಾಜಲ್ಲುಗಳಿಗೂ ಒಂದೇ ಕೊಳವೆಯಲ್ಲಿ ಒತ್ತಡದ ಡೀಸೆಲ್ ತುಂಬಿಡುವ ಮಾದರಿ. ಓಡುವಾಗ ಆ ರೈಲಿನ ಒತ್ತಡ 1600 ಬಾರ್ ದಾಟುತ್ತದೆ. ಬರೀ ಸೆಲ್ಫ್ ಹೊಡೆಯುವಾಗಲೂ ಕೆಲವು ನೂರು ಬಾರ್ ಇರುತ್ತದೆ. ಆ ಒತ್ತಡದಲ್ಲಿ ಹೊರಬೀಳುವ ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣಬಹುದು, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಎಂದು ಸುಮ್ಮನಿರದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು, ಡೀಸೆಲ್ ಚುಚ್ಚಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಇಲ್ಲಿ ಏರ್ ತೆಗೆಯುವುದು ಫಿಲ್ಟರಿನವರೆಗೆ ಮಾತ್ರ. ಹ್ಯಾಂಡ್ ಪಂಪು ಗಟ್ಟಿಯಾಗುವವರೆಗೆ ಒತ್ತಿ, ಸೆಲ್ಫ್ ಹೊಡೆದರೆ ಉಳಿದದ್ದನ್ನು ಅದೇ ತಳ್ಳಿಕೊಳ್ಳುತ್ತದೆ.

ಈ ಗಾಡಿಗಳಲ್ಲಿ ನಾಜಲ್ (ಇದಕ್ಕೆ ಇಂಜೆಕ್ಟರ್ ಎನ್ನುತ್ತಾರೆ) ತೆರೆಯಲು ಇಸಿಯು, ಅಂದರೆ ಮೊದಲು ಹೇಳಿದ ಇಸಿಎಂ, ಅಪ್ಪಣೆ ಕೊಡಬೇಕು. ಅದು ಕೊಡಬೇಕಾದರೆ ಇಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳಬೇಕು, ರೈಲಿನಲ್ಲಿ ಸುಮಾರು 200 ಬಾರ್ ಆಸುಪಾಸಿನ ಒತ್ತಡ ಏರಬೇಕು. ಗಾಡಿಯಿಂದ ಗಾಡಿಗೆ ಈ ಲೆಕ್ಕ ಸ್ವಲ್ಪ ಬೇರೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದು ಸ್ವಲ್ಪ ಮೇಲೇಳುತ್ತದೆ. ಸತ್ತಂತೆ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರ್, ಅದರ ವೈರು, ತುದಿಗೆ ಅಂಟಿದ ಕಬ್ಬಿಣದ ಪುಡಿ ನೋಡಬೇಕು. ಬಿಸಿಯಾದಾಗ ಮಾತ್ರ ಕೈಕೊಟ್ಟು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಗಾಡಿಯಲ್ಲೂ ಇದೇ ಸೆನ್ಸರನ್ನು ಮೊದಲು ಅನುಮಾನಿಸಿ. ಹಳೆಯ ಪಂಪಿನ ಗಾಡಿ ಬಿಸಿಯಲ್ಲಿ ಹಟ ಮಾಡಿದರೆ ಕಾರಣ ಬೇರೆ: ಪಂಪಿನ ಒಳಭಾಗ ಸವೆದು, ಕಾದು ತೆಳ್ಳಗಾದ ಡೀಸೆಲ್ ಸಂದಿಯಲ್ಲಿ ಜಾರಿಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟಾಗ ಸ್ಟಾರ್ಟ್ ಆದರೆ, ಆಗ ಮಾತ್ರ ಪಂಪಿನ ಬಿಲ್ಲಿಗೆ ಸಿದ್ಧರಾಗಿ.

ರೈಲ್ ಒತ್ತಡ ಏರುತ್ತಿದೆಯಾ ಎಂದು ಹೇಳುವುದು ಸ್ಕ್ಯಾನರ್. ಏರದಿದ್ದರೂ ಹೈ ಪ್ರೆಶರ್ ಪಂಪೇ ಹೋಗಿದೆ ಎಂದಲ್ಲ. ಒಂದು ಇಂಜೆಕ್ಟರ್ ಒಳಗೆ ಸವೆದು ಬಂದದ್ದನ್ನೆಲ್ಲ ರಿಟರ್ನ್ ಪೈಪಿಗೆ ಬಿಡುತ್ತಿದ್ದರೆ ಒತ್ತಡ ಎಲ್ಲಿಂದ ಏರಬೇಕು? ಇಂಜೆಕ್ಟರುಗಳ ರಿಟರ್ನ್ ಪೈಪುಗಳನ್ನು ಬೇರೆ ಬೇರೆ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಸಿದರೆ ಕಳ್ಳ ಯಾರೆಂದು ಕಣ್ಣಿಗೇ ಕಾಣುತ್ತದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇದ್ದು ಒಂದರಲ್ಲಿ ಮಾತ್ರ ತುಂಬಿದ್ದರೆ ಅದೊಂದನ್ನು ಬಿಚ್ಚಿದರೆ ಸಾಕು. ಈ ಬಾಟಲಿ ಪರೀಕ್ಷೆ ಮಾಡದೆ ಆರೂ ಇಂಜೆಕ್ಟರ್ ಬದಲಿಸಿ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಇಲಿಯ ವಿಚಾರ ನಗುವ ಮಾತಲ್ಲ. ಮೆಕ್ಕೆಜೋಳದ ಸೀಸನ್ನಿನಲ್ಲಿ ಯಾರ್ಡಿನಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹತ್ತಿರ ಶೇಂಗಾ ಲೋಡಿನೊಂದಿಗೆ ದಿನಗಟ್ಟಲೆ ನಿಂತ ಗಾಡಿಯ ಇಂಜಿನ್ ಸಂದಿ ಇಲಿಗೆ ಒಳ್ಳೆಯ ಗೂಡು, ಕಾಳು ಅಲ್ಲೇ ಉದುರಿರುತ್ತದೆ. ಇಸಿಯು ಕಡೆ ಹೋಗುವ ವೈರಿನ ಕಟ್ಟಿನ ಮೇಲೆ ಹಲ್ಲಿನ ಗುರುತು, ಕೆಳಗೆ ಜೋಳದ ಹೊಟ್ಟು ಕಂಡರೆ ಸ್ಕ್ಯಾನರಿಗಿಂತ ಮೊದಲು ಟಾರ್ಚು ಹಿಡಿಯಿರಿ. ಕತ್ತರಿಸಿದ ವೈರನ್ನು ಸುಮ್ಮನೆ ತಿರುಚಿ ಟೇಪು ಸುತ್ತಿದರೆ ಸೆನ್ಸರ್ ವೈರಿಗೆ ಸಾಲದು, ಬೆಸುಗೆ ಹಾಕಿಸಿ.

ಯೂರಿಯಾ ಲೈಟು ಹತ್ತಿದೆ, ಅದಕ್ಕೇ ಸ್ಟಾರ್ಟ್ ಆಗ್ತಿಲ್ಲ ಎನ್ನುವವರಿಗೆ: ಯೂರಿಯಾ ಮುಗಿದರೆ ಸಾಮಾನ್ಯವಾಗಿ ಗಾಡಿಯ ಎಳೆತ ಕಡಿಮೆಯಾಗುತ್ತದೆ, ಆಮೇಲೆ ವೇಗ ಕಟ್ಟಿಹಾಕುತ್ತದೆ. ಇಂಜಿನ್ ಹಿಡಿಯದೇ ಇರುವುದಕ್ಕೆ ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಆದರೆ ಯೂರಿಯಾವನ್ನು ಯಾರಾದರೂ ಡೀಸೆಲ್ ಟ್ಯಾಂಕಿಗೆ ಸುರಿದಿದ್ದರೆ ಕೀಯನ್ನು ಆನ್ ಕೂಡ ಮಾಡಬೇಡಿ. ಟ್ಯಾಂಕು ಇಳಿಸಿ ತೊಳೆಸಿದರೆ ಅಷ್ಟಕ್ಕೇ ಮುಗಿಯುತ್ತದೆ. ಒಮ್ಮೆ ಪಂಪಿನವರೆಗೆ ಎಳೆದುಕೊಂಡರೆ ಪಂಪು, ಇಂಜೆಕ್ಟರು ಎಲ್ಲವೂ ಹೋದಂತೆ.

ಬಿಳಿ ಹೊಗೆ, ಕಪ್ಪು ಹೊಗೆ

ಬಿಳಿ ಹೊಗೆ ಕಣ್ಣು ಉರಿಸಿ, ಹಸಿ ಡೀಸೆಲ್ ವಾಸನೆ ಬಂದರೆ ಮೊದಲು ಸೆಪರೇಟರಿನಿಂದ ಒಂದು ಗಾಜಿನ ಲೋಟಕ್ಕೆ ಡೀಸೆಲ್ ಹಿಡಿದು ಐದು ನಿಮಿಷ ಇಡಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕಿನಿಂದಲೇ ಶುರು ಮಾಡಬೇಕು. ನೀರಿಲ್ಲ, ಸೆಲ್ಫ್ ಮಾತ್ರ ನಿಧಾನ ಎಂದಾದರೆ ಬ್ಯಾಟರಿಗೇ ವಾಪಸ್ ಹೋಗಿ. ಮೆಲ್ಲಗೆ ತಿರುಗಿದರೆ ಒತ್ತಿದ ಗಾಳಿಯ ಕಾವು ಗೋಡೆಗೆ ಹೋಗಿ ಡೀಸೆಲ್ ಹೊತ್ತುವುದಿಲ್ಲ. ಎರಡೂ ಸರಿ ಇದ್ದು, ಇತ್ತೀಚೆಗೆ ಆಯಿಲ್ ಜಾಸ್ತಿ ಕುಡಿಯುತ್ತಿದೆ, ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ನುಗ್ಗಿ ಬರುತ್ತಿತ್ತು ಎಂದಾದರೆ ಕಂಪ್ರೆಶನ್ ಹೋಗಿದೆ. ರಿಂಗು, ಲೈನರ್, ವಾಲ್ವು. ರಸ್ತೆ ಬದಿಯಲ್ಲಿ ಅದಕ್ಕೆ ಮದ್ದಿಲ್ಲ.

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಬೆಂಕಿ ಹಚ್ಚಿದ ಚಿಂದಿ ತೋರಿಸುವುದು, ಈಥರ್ ಸ್ಪ್ರೇ ಹೊಡೆಯುವುದು ಇವು ಬೇಡ. ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ ಒಡೆಯುತ್ತದೆ. ಗಾಳಿ ದಾರಿಯಲ್ಲಿ ಹೀಟರ್ ಇರುವ ಗಾಡಿಯಲ್ಲಂತೂ ಮುಖಕ್ಕೇ ಬೆಂಕಿ.

ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ತೆಗೆದು ಒಮ್ಮೆ ಸೆಲ್ಫ್ ಹೊಡೆದು ನೋಡಿ. ಹಾಗೇ ಓಡಿಸಬೇಡಿ, ಧೂಳು ಟರ್ಬೋ ಮತ್ತು ಲೈನರನ್ನು ತಿಂದುಬಿಡುತ್ತದೆ. ಯಾರ ತಲೆಗೂ ಹೊಳೆಯದ ಇನ್ನೊಂದು ಜಾಗ ಎಗ್ಸಾಸ್ಟ್ ಬ್ರೇಕಿನ ಮುಚ್ಚಳ. ಅದು ಮಸಿ ಕಟ್ಟಿ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಹೊಗೆ ಹೊರಗೆ ಹೋಗಲು ದಾರಿಯಿಲ್ಲ, ಒಳಗೆ ಹೊಸ ಗಾಳಿ ಬರಲು ಜಾಗವಿಲ್ಲ. ಲಿವರನ್ನು ಕೈಯಿಂದ ಅಲುಗಿಸಿ, ತೆರೆದುಕೊಂಡರೆ ಸ್ಟಾರ್ಟ್ ಆಗುತ್ತದೆ.

ತಳ್ಳುವುದು, ಕೇಬಲ್ ಹಾಕುವುದು, ಎಳೆಯುವುದು

ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ಹಳೆಯ ಗಾಡಿಗಳಿಗೆ ನಡೆಯುತ್ತಿತ್ತು. ಕಾಮನ್ ರೈಲ್ ಗಾಡಿಯ ಇಸಿಯುಗೆ ಕರೆಂಟೇ ಇಲ್ಲದಿದ್ದರೆ ಚಿತ್ರದುರ್ಗದ ಕೋಟೆ ಮೇಲಿಂದ ಉರುಳಿಸಿದರೂ ಅದು ಹಿಡಿಯುವುದಿಲ್ಲ. ಇಂಜಿನ್ ನಿಂತು ಗಾಳಿ ಇಳಿದ ಗಾಡಿಯಲ್ಲಿ ಬ್ರೇಕಿಗೂ, ಪವರ್ ಸ್ಟೀರಿಂಗಿಗೂ ಬಲವಿರುವುದಿಲ್ಲ ಎಂಬುದನ್ನೂ ನೆನಪಿಡಿ.

ಬೇರೆ ಲಾರಿಯಿಂದ ಕೇಬಲ್ ಹಾಕುವುದಾದರೆ ಆ ಗಾಡಿಯೂ 24 ವೋಲ್ಟಿನದೇ ಆಗಿರಬೇಕು. ಕಾರು, ಟಾಟಾ ಏಸ್ ತರದವು 12 ವೋಲ್ಟಿನವು, ತಂದು ಜೋಡಿಸಿದರೆ ಅವೂ ಸುಡುತ್ತವೆ. ಪ್ಲಸ್ಸಿಗೆ ಪ್ಲಸ್ ಮೊದಲು. ಮೈನಸ್ಸಿನ ಕೊನೆಯ ತುದಿಯನ್ನು ಬ್ಯಾಟರಿಗೆ ಕೊಡದೆ ದೂರದ ಚಾಸಿಗೆ ಕೊಡಿ, ಬ್ಯಾಟರಿಯಿಂದ ಬರುವ ಗ್ಯಾಸು ಕಿಡಿಗೆ ಸಿಡಿಯುತ್ತದೆ. ಸ್ಟಾರ್ಟ್ ಆದ ಮೇಲೆ ಕೇಬಲ್ ತೆಗೆದು, ಬ್ಯಾಟರಿ ಮೇಲೆ ಮೀಟರ್ ಹಿಡಿದು ಹೊರಡಿ. 27.5ರಿಂದ 28.5ರೊಳಗೆ ತೋರಿಸಿದರೆ ಚಾರ್ಜ್ ಆಗುತ್ತಿದೆ. 25ರ ಹತ್ತಿರವೇ ನಿಂತಿದ್ದರೆ ಬೆಲ್ಟು, ಆಲ್ಟರ್ನೇಟರು ನೋಡದೆ ಹೊರಟರೆ ಮುಂದಿನ ಹೋಟೆಲಿನಲ್ಲಿ ಇದೇ ಕತೆ.

ಏನೂ ಆಗದೆ ಎಳೆದೊಯ್ಯಲೇಬೇಕು ಎಂದಾದರೆ, ಈರುಳ್ಳಿ ಲೋಡಿದ್ದರೆ ಮೊದಲು ಬೇರೆ ಗಾಡಿಗೆ ಬದಲಿಸಲು ಹೇಳಿ, ತಾಡಪಾಲಿನ ಕೆಳಗೆ ಬಿಸಿಲಿಗೆ ಅದು ಕೆಡದೆ ಉಳಿಯುವುದಿಲ್ಲ. ಸ್ಪ್ರಿಂಗ್ ಬ್ರೇಕಿನ (ಗಾಳಿ ಇಳಿದರೆ ಸ್ಪ್ರಿಂಗೇ ಹಿಡಿಯುವ ಬ್ರೇಕು) ಗಾಡಿಯಲ್ಲಿ ಗಾಳಿ ಇಲ್ಲದೆ ಹಿಂದಿನ ಚಕ್ರ ಬಿಡುವುದಿಲ್ಲ. ಎಳೆಯುವ ಗಾಡಿಯಿಂದ ಗಾಳಿ ಪೈಪು ಕೊಡಿ, ಇಲ್ಲವೇ ಬ್ರೇಕ್ ಚೇಂಬರಿನ ಹಿಂದಿನ ಬೋಲ್ಟು ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆಳೆಯಿರಿ, ಅದಕ್ಕೂ ಮೊದಲು ಎಳೆಯುವ ಗಾಡಿಗೆ ಗಟ್ಟಿ ರಾಡು ಕಟ್ಟಿರಲಿ. ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನ ಆಕ್ಸಲ್ಲಿನ ಕಡೆ ಬಿಚ್ಚಿ ಮೇಲೆ ಕಟ್ಟಿಹಾಕಿ. ಬಿಚ್ಚದೆ ಎಳೆದರೆ ಗೇರ್‌ಬಾಕ್ಸಿನ ಹಿಂಭಾಗ ತಿರುಗುತ್ತದೆ, ಆಯಿಲ್ ಎರಚಬೇಕಾದ ಒಳಗಿನ ಗೇರುಗಳು ನಿಂತಿರುತ್ತವೆ. ಆನಗೋಡಿನಿಂದ ದಾವಣಗೆರೆಗೆ ಬರುವಷ್ಟರಲ್ಲಿ ಬೇರಿಂಗ್ ಸುಟ್ಟು ಇಂಜಿನ್ನಿನ ಜೊತೆ ಗೇರ್‌ಬಾಕ್ಸೂ ಇಳಿಸಬೇಕಾಗುತ್ತದೆ. ಬಿಚ್ಚಿದ ನಾಲ್ಕು ಬೋಲ್ಟನ್ನು ಕ್ಯಾಬಿನ್ನಿನಲ್ಲಿ ಒಂದು ಡಬ್ಬಿಗೆ ಹಾಕಿಡಿ.